ತೇವ ನೋಡುವುದು

ಇಪ್ಪತ್ತೊಂದು ಮಿಲಿಮೀಟರ್, ಅಂದೆ ನಾನು.
ಶಮಾ ಅದೇ ಪ್ರೋಬ್ ಹಿಡಿದು
ಅದೇ ಪಕ್ಕೆಲುಬಿನ ಕವಲಿನ ಕೆಳಗೆ, ಅದೇ ತಣ್ಣನೆ ಜೆಲ್ಲಿನ ಮೇಲೆ
ಹದಿನಾಲ್ಕು, ಅಂದಳು.
ನಡುವೆ ಕಳೆದದ್ದು ಅರ್ಧ ಕಪ್ ಚಹಾ ಕುಡಿಯುವಷ್ಟು ಹೊತ್ತು.
ಹಾವೇರಿ ಜಿಲ್ಲಾಸ್ಪತ್ರೆ, ಐಸಿಯು, ಎರಡನೇ ಹಾಸಿಗೆ,
ರಾತ್ರಿ ಎರಡೂವರೆ.

ಹಾಸಿಗೆಯಲ್ಲಿ ಗುಡ್ಡಪ್ಪ ಮೋಟೆಬೆನ್ನೂರ,
ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ
ಮೆಣಸಿನಕಾಯಿಯ ಹದ ನೋಡಿದವನು.
ಮೂರು ದಿನದ ಜ್ವರ. ಎಂಬತ್ತರ ಮೇಲೆ ಏರದ ಬಿಪಿ.
ಮೂತ್ರದ ಚೀಲದಲ್ಲಿ ಕಷಾಯದ ಬಣ್ಣದ್ದು, ಎರಡೇ ಬೆರಳು.
ಎರಡು ಬಾಟಲಿ ಸಲೈನ್ ಆಗಲೇ ಒಳಗೆ ಹೋಗಿದೆ.
ಮೂರನೆಯದು ಸ್ಟ್ಯಾಂಡಿನಲ್ಲಿ ತೂಗುತ್ತಿದೆ, ಬಾಯಿ ಬಿಚ್ಚದೆ.
ಕೊಟ್ಟರೆ ಶ್ವಾಸಕೋಶ ನೆನೆದೀತು,
ಕೊಡದಿದ್ದರೆ ಮೂತ್ರಪಿಂಡ ಸೊರಗೀತು.

ಪುಸ್ತಕದಲ್ಲಿ ಸಲೀಸು:
ಯಕೃತ್ತಿನ ಬೆನ್ನಿಗಂಟಿ ಹೃದಯಕ್ಕೆ ಹೊರಟ ಮಹಾಸಿರೆಯನ್ನು
ಹೃತ್ಕರ್ಣದ ಬಾಗಿಲಿಗಿಂತ ಎರಡು ಸೆಂಟಿಮೀಟರ್ ಹಿಂದೆ ನಿಲ್ಲಿಸಿ ಅಳೆ.
ಉಬ್ಬಿ ನಿಂತಿದ್ದರೆ ನೀರು ಸಾಕು,
ಉಸಿರಿಗೊಮ್ಮೆ ಚಪ್ಪಟೆಯಾದರೆ ಬೇಕು.
ಪುಸ್ತಕದ ಮನುಷ್ಯನಿಗೆ ಹೊಟ್ಟೆಯುಬ್ಬರ ಇರುವುದಿಲ್ಲ.
ಅವನು ಹೇಳಿದಾಗ ಉಸಿರೆಳೆಯುತ್ತಾನೆ, ಹೇಳಿದಾಗ ಬಿಡುತ್ತಾನೆ.

ಗುಡ್ಡಪ್ಪನದು ನಾಯಿ ಏದುವ ಉಸಿರು.
ಪ್ರತಿ ಉಸಿರಿಗೂ ಸಿರೆ ಬರೀ ಕುಗ್ಗುವುದಿಲ್ಲ, ಪಕ್ಕಕ್ಕೂ ಸರಿಯುತ್ತದೆ.
ನಡು ಸಿಕ್ಕಿತೆಂದು ಗುಂಡಿ ಒತ್ತಿದಾಗ ಸಿಕ್ಕಿದ್ದು ಅಂಚು.
ಸೌತೆಕಾಯಿ ಓರೆಗೆ ಹೆಚ್ಚಿದರೆ ಬಿಲ್ಲೆ ದೊಡ್ಡದು ಕಾಣುತ್ತದೆ,
ಕಾಯಿ ಮಾತ್ರ ಇದ್ದಷ್ಟೇ.

"ನಿನ್ನದು ಓರೆ," ಅಂದಳು ಶಮಾ.
"ನೀನು ಒತ್ತಿಬಿಟ್ಟೆ," ಅಂದೆ.
ಎಸ್ತೇರ್ ಸಿಸ್ಟರ್ ಇಬ್ಬರನ್ನೂ ನೋಡಿ
ಸಿರಿಂಜಿನ ಟ್ರೇ ಒರೆಸಿದರು, ಈಗಾಗಲೇ ಒರೆಸಿದ್ದನ್ನೇ.

ಅಷ್ಟರಲ್ಲಿ ಗುಡ್ಡಪ್ಪ ಕಣ್ಣು ಬಿಟ್ಟ.
"ಎಷ್ಟಕ್ಕ ಹೋತ್ರೀ ಮಾಲು?"
ಸಂಖ್ಯೆಗಳು ಕೇಳಿ ಸವಾಲೆಂದುಕೊಂಡಿದ್ದ.
ಒಬ್ಬಾಕಿ ಇಪ್ಪತ್ತೊಂದು ಅಂತಾಳ, ಇನ್ನೊಬ್ಬಾಕಿ ಹದ್ನಾಕು,
ಕಾಯಿ ಯಾರೂ ಹಿಡದ ನೋಡಿಲ್ಲೇನು?
ಜ್ವರದ ನಾಲಿಗೆ ತೊದಲುತ್ತಲೇ ಹೇಳಿತು:
"ಮ್ಯಾಲಿನ ಕಾಯಿ ಸುಳ್ಳ ಹೇಳ್ತಾವ್ರೀ.
ಚೀಲದ ತಳಕ್ಕ ಕೈ ಹಾಕ್ಬೇಕು.
ಮುಷ್ಟಿ ಬಿಗಿ ಮಾಡಬಾರ್ದು,
ಜೋರ ಒತ್ತಿದ್ರ ಹಸೀದೂ ಮುರೀತದ, ಒಣಾನೂ ಮುರೀತದ,
ಏನ್ ತಿಳೀತು ಮತ್ತ?"
ಮೂರು ಚೀಲ ನೋಡಬೇಕು ಅಂದ. ಆಮೇಲೆ ಹೆಂಡತಿಯನ್ನು ಕರೆದ,
ಆಕೆ ಹೊರಗೆ ಬೆಂಚಿನ ಮೇಲೆ, ಚಪ್ಪಲಿ ಕಾಲಲ್ಲೇ, ನಿದ್ದೆಹೋಗಿದ್ದಳು.

ಮತ್ತೆ ನೋಡಿದೆವು.
ಈ ಸಲ ಪರದೆ ಒಬ್ಬರಿಗೊಬ್ಬರು ಮರೆಮಾಡಿ,
ಔಷಧಿ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದು.
ಪ್ರೋಬಿನ ಭಾರವನ್ನು ಜೆಲ್ಲಿಗೆ ಬಿಟ್ಟು,
ಐದು ಉಸಿರು ಬರೀ ನೋಡಿ, ಆಮೇಲೆ ಅಳೆದು.
ಮೂರು ಸಲ ಅವಳು, ಮೂರು ಸಲ ನಾನು.
ಹದಿನಾರು, ಹದಿನೆಂಟು, ಹದಿನೇಳು.
ಹತ್ತೊಂಬತ್ತು, ಹದಿನಾರು, ಹದಿನೆಂಟು.
ಒಪ್ಪಂದವಲ್ಲ, ಆದರೆ ಒಂದೇ ಓಣಿಯ ಮನೆಗಳು.
ಸಾಕೆನ್ನುವುದಕ್ಕೂ ಬೇಕೆನ್ನುವುದಕ್ಕೂ ಸಾಲದ ಓಣಿ.

ಎಸ್ತೇರ್ ಅವನ ಎರಡೂ ಕಾಲು ಎತ್ತಿ ಹಿಡಿದರು,
ಕಾಲಿನ ರಕ್ತವೇ ಎದೆಗೆ ಸಾಲ ಬರಲಿ ಎಂದು.
ಒಂದು ನಿಮಿಷ. ಎಂಬತ್ತು ಎಂಬತ್ತೆಂಟಾಯಿತು.
ಬಾಟಲಿಯ ಕಾಲುಭಾಗ ಬಿಟ್ಟೆವು,
ಬೆನ್ನಿಗೆ ಸ್ಟೆತ್ ಇಟ್ಟು ಕೇಳಿದೆವು, ಮತ್ತೆ ಕಾದೆವು.

ಯಂತ್ರ ಮಾತ್ರ ಕಾಗದದ ಮೇಲೆ
೧೭.೩ ಎಂದು ಅಚ್ಚೊತ್ತಿ ಕೊಟ್ಟಿತ್ತು.
ಆ ಹದಿನೇಳು ನಮ್ಮದಿರಬಹುದು.
ಆ ಮೂರು ಯಾರದು?

ರಿಜಿಸ್ಟರಿನಲ್ಲಿ "ಸುಮಾರು" ಬರೆಯಲು ಕಾಲಮ್ಮಿಲ್ಲ.
ಅಂಚಿನಲ್ಲಿ ಬರೆದೆ.
ಬೆಳಿಗ್ಗೆ ರೌಂಡ್ಸಿನಲ್ಲಿ ಸಾಹೇಬರು ಓದಿ,
ಇದೇನು, ಅಂದರು.
ಚೀಲದಲ್ಲಿ ಆಗ ಮೂರನೆಯ ಬೆರಳಿನಷ್ಟು ಏರಿತ್ತು,
ಅಥವಾ ನನಗೆ ಹಾಗೆ ಕಂಡಿತು.
ಶಮಾಳನ್ನು ಕರೆದೆ, ನೀನೂ ನೋಡು ಎಂದು.